ಬಟ್ಟೆಯ ಬಣ್ಣ, ಬಾವಿಯ ನೀರು



ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿ ಬರುವ ಲಿಡಿಯಳ ಕಸುಬು ನೆನಪಿದೆಯೇ? ಆಕೆ ಥುವತೈರ ಪಟ್ಟಣದವಳು, ಕೆನ್ನೇರಳೆ ಬಟ್ಟೆಯ ವ್ಯಾಪಾರಿ. ಆಗ ಬಣ್ಣವೆಂದರೆ ಬೇರು, ಹೂ, ತೊಗಟೆ, ಇಲ್ಲವೇ ಕಡಲಿನ ಚಿಪ್ಪುಜೀವಿ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನ ಅಂಶದಿಂದ ನೇರಳೆ ಬಣ್ಣ ತಯಾರಿಸಿದ ಮೇಲೆ ಗಿಡದ ಬಣ್ಣಗಳು ಒಂದೊಂದಾಗಿ ಹಿಂದೆ ಸರಿದವು.

ಹಾಗೆ ಸರಿದದ್ದರಲ್ಲಿ ನಮ್ಮ ಕುಸುಬಿಯೂ ಒಂದು. ಬೀದರ್, ಭಾಲ್ಕಿ, ಔರಾದ್ ಕಡೆಯ ರೈತರು ಇದನ್ನು ಹಿಂಗಾರಿಯಲ್ಲಿ ಎಣ್ಣೆಗಾಗಿ ಬಿತ್ತುತ್ತಾರೆ. ದನ ನುಗ್ಗದಿರಲೆಂದು ಹೊಲದ ಅಂಚಿಗೆ ಸಾಲು ಹಾಕುವುದೂ ಉಂಟು. ಹಿಂದೆ ಭಾರತದ ಕುಸುಬಿಯ ಒಣ ಎಸಳು ಬಣ್ಣಕ್ಕಾಗಿ ಹೊರದೇಶಕ್ಕೂ ಹೋಗುತ್ತಿತ್ತು. ಎಸಳನ್ನು ತಣ್ಣೀರಿನಲ್ಲಿ ಹಲವು ಸಲ ತೊಳೆದರೆ ಹಳದಿ ಬಿಡುತ್ತದೆ. ಉಳಿದದ್ದನ್ನು ಬೂದಿಯ ತಿಳಿನೀರಿನಲ್ಲಿ ನೆನೆಸಿ, ಆಮೇಲೆ ನಿಂಬೆಹುಳಿ ಹಿಂಡಿದರೆ ಬಟ್ಟೆಗೆ ಕೆಂಪು ಹತ್ತುತ್ತದೆ. ಎಸಳಿನ ತೂಕದಲ್ಲಿ ಈ ಕೆಂಪು ನೂರಕ್ಕೆ ಒಂದು ಪಾಲೂ ಇಲ್ಲ! ಕಾಳು ಕಟ್ಟಿದ ಮೇಲೆ ಬಾಡಿದ ಎಸಳನ್ನು ಕಿತ್ತರೆ ಎಣ್ಣೆಗೆ ನಷ್ಟವಿಲ್ಲ. ಆದರೆ ಮುಳ್ಳು ಚುಚ್ಚುವುದು ಕೂಲಿಯ ಹೆಣ್ಣುಮಗಳ ಕೈಗೆ. ಅವಳ ಕೂಲಿಯನ್ನು ಸೇರಿಸಿಯೇ ಬಟ್ಟೆಯ ಬೆಲೆ ಕಟ್ಟಬೇಕು.

ತಪಸ್ಸುಕಾಲದ ದಿನಗಳಲ್ಲಿ ಅರಳುವ ಮುತ್ತುಗದ ಹೂವೂ ಹಳದಿ ಕೊಡುತ್ತದೆ. ಓಕುಳಿಗೆ ಚೆಂದ, ಸೀರೆಗೆ ಸಾಲದು. ಬಿಸಿಲಿಗೆ ಬೇಗ ಮಾಸುತ್ತದೆ.

ಗಿಡದ ಬಣ್ಣವೆಂದ ಮಾತ್ರಕ್ಕೆ ನಿರಪಾಯವೆಂದು ನಂಬಬೇಡಿ. ಅನೇಕ ಗಿಡಗಳ ಬಣ್ಣ ನೂಲಿಗೆ ಹಿಡಿಯಲು ಪಟಿಕದಂಥ ಲವಣ ಬೇಕು. ಅದರ ಬದಲು ಕ್ರೋಮಿಯಂ ಲವಣ ಹಾಕಿದರೆ ಉಳಿದ ನೀರು ವಿಷವೇ. ಕೃತಕ ಬಣ್ಣಗಳೆಲ್ಲವೂ ಕೆಟ್ಟವೆಂದೂ ಅಲ್ಲ. ಕ್ಯಾನ್ಸರ್‌ಕಾರಕ ವಸ್ತು ಬಿಡುವ ಕೆಲವು ಅಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ, ಭಾರತ 1997ರಲ್ಲಿ ನಿಷೇಧಿಸಿದವು.

ನಮಗೆ ದೊಡ್ಡ ಪ್ರಶ್ನೆ ನೀರಿನದು. ಬಣ್ಣ ಯಾವುದಾದರೂ ಅದ್ದಲು, ತೊಳೆಯಲು ನೀರು ಬೇಕು. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಲಾತೂರೂ ನಾವೂ ಮಾಂಜ್ರಾ ನದಿಯ ಸೀಮೆಯವರೇ.

ಸಾಗರ ತಾಲೂಕಿನ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ನೂಲಿಗೆ ಬಣ್ಣ ಹಾಕುತ್ತಾರೆ. ಬಣ್ಣಕ್ಕೆಂದೇ ಬೇರೆ ಹೊಲ ಬೇಡ. ಮಲೆನಾಡಿನ ಮಳೆ ನಮಗಿಲ್ಲ ನಿಜ. ಆದರೂ ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ನಮ್ಮ ಅಡುಗೆಮನೆಯಲ್ಲೂ ಉಳಿಯುತ್ತವೆ.

ನಿಮ್ಮ ಮಹಿಳಾ ಸಂಘ ಹೊಲಿಗೆಯೊಂದಿಗೆ ಬಣ್ಣದ ಕೆಲಸವನ್ನೂ ಆರಂಭಿಸುವುದಾದರೆ, ಮೊದಲು ಒಂದು ಸೀರೆಗೆ ಎಷ್ಟು ಕೊಡ ನೀರು ಬೇಕಾಯಿತು, ಎಷ್ಟು ಕಟ್ಟಿಗೆ ಉರಿಯಿತು ಎಂದು ಬರೆದಿಡಿ. ಕೊಳ್ಳುವವರಾದರೆ ಅಂಗಡಿಯವರನ್ನು ಕೇಳಿ: ಯಾವ ಗಿಡದ ಬಣ್ಣ? ಹಿಡಿಸಲು ಏನು ಹಾಕಿದ್ದೀರಿ? ಉಳಿದ ನೀರನ್ನು ಎಲ್ಲಿ ಬಿಟ್ಟಿರಿ? ಮನೆಗೆ ತಂದ ಮೇಲೆ ಮೊದಲ ಸಲ ಬೇರೆಯಾಗಿಯೇ ಒಗೆದು, ನೆರಳಲ್ಲಿ ಹರವಿರಿ.