ಕೆಲಸದ ಜಾಗದಲ್ಲಿ ಮನಸ್ಸಿನ ಆರೋಗ್ಯ: ಹೊಸ ಮೇಲ್ವಿಚಾರಕರಿಗೊಂದು ಪರಿಚಯ

ಯಾವುದೇ ಕಚೇರಿಯ ರಜೆ ಅರ್ಜಿಗಳ ಕಡತ ತೆರೆದು ನೋಡಿ. ಜ್ವರ, ಬೆನ್ನುನೋವು, ಹೊಟ್ಟೆನೋವು, ಮನೆದೇವರ ಪೂಜೆ, ನೆಂಟರ ಮದುವೆ ಎಲ್ಲವೂ ಸಿಗುತ್ತವೆ. ‘ಮನಸ್ಸು ಸರಿಯಿಲ್ಲ, ವೈದ್ಯರನ್ನು ಕಾಣಬೇಕು’ ಎಂದು ಬರೆದ ಅರ್ಜಿ ಸಿಗುವುದು ತೀರಾ ಅಪರೂಪ. ಹಾಗೆಂದು ಅಂಥ ತೊಂದರೆ ಯಾರಿಗೂ ಇಲ್ಲವೇ? ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಸರಾಸರಿ ಲೆಕ್ಕ ಹಿಡಿದರೆ ಐವತ್ತು ಜನರ ಕಚೇರಿಯಲ್ಲಿ ಐದು ಮಂದಿ. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಈ ಲೇಖನ ಹೊಸದಾಗಿ ತಂಡದ ಮುಖ್ಯಸ್ಥರಾದವರಿಗೆ, ಶಾಖೆಯ ವ್ಯವಸ್ಥಾಪಕರಾದವರಿಗೆ, ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆದವರಿಗೆ, ಹತ್ತು ಜನರನ್ನಿಟ್ಟುಕೊಂಡು ಸಣ್ಣ ಉದ್ಯಮ ನಡೆಸುವವರಿಗೆ. ನೀವು ಮನೋವೈದ್ಯರಾಗಬೇಕಿಲ್ಲ, ರೋಗಕ್ಕೆ ಹೆಸರಿಡುವ ಕೆಲಸವೂ ನಿಮ್ಮದಲ್ಲ. ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ: ನಿಮ್ಮ ಬಳಿ ಮೊದಲು ಹೇಳಿಕೊಂಡ ವ್ಯಕ್ತಿಗೆ ಮುಂದೆ ಏನಾಯಿತು ಎಂಬುದನ್ನು ಉಳಿದವರೆಲ್ಲ ಗಮನಿಸುತ್ತಿರುತ್ತಾರೆ. ಎರಡನೆಯವರು ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.

ಒತ್ತಡ ಯಾವುದು, ಕಾಯಿಲೆ ಯಾವುದು

ಮಾರ್ಚ್ ಕೊನೆಯ ವಾರ ಬ್ಯಾಂಕಿನಲ್ಲಿ ಎಲ್ಲರಿಗೂ ತಲೆಬಿಸಿ ಇರುತ್ತದೆ. ಏಪ್ರಿಲ್ ಬಂದು ಕೆಲಸ ಇಳಿದ ಮೇಲೆ ಅದೂ ಇಳಿದರೆ ಅದು ಒತ್ತಡ. ಒತ್ತಡ ತಿಂಗಳುಗಟ್ಟಲೆ ಇಳಿಯದೆ ಮೈಮನಸ್ಸು ಬರಿದಾಗಿ, ಕೆಲಸವೆಂದರೆ ಬೇಸರ ಹುಟ್ಟಿ, ‘ನಾನು ಮಾಡಿದ್ದರಲ್ಲಿ ಏನೂ ಹುರುಳಿಲ್ಲ’ ಎನ್ನಿಸತೊಡಗಿದರೆ ಅದನ್ನು ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗಗಳ ಸಾಲಿಗೆ ಸೇರಿಸಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿದೆ. ಅಂದರೆ ಇದರ ಮದ್ದಿನ ಒಂದು ಭಾಗ ಕೆಲಸದ ಜಾಗದಲ್ಲೇ ಇದೆ.

ಖಿನ್ನತೆ, ಆತಂಕದ ಕಾಯಿಲೆ, ಬೈಪೋಲಾರ್ ಇವೆಲ್ಲ ಚಿಕಿತ್ಸೆ ಬೇಕಾದ ಕಾಯಿಲೆಗಳು. ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಮನಸ್ಸು ಕುಗ್ಗಿರುವುದು, ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಹಸಿವು ಸತ್ತುಹೋಗುವುದು ಖಿನ್ನತೆಯ ಸೂಚನೆಗಳು. ನಮ್ಮಲ್ಲಿ ಅನೇಕರು ಇದನ್ನು ಮನಸ್ಸಿನ ನೋವು ಎನ್ನದೆ ತಲೆನೋವು, ಮೈಕೈ ನೋವು, ಗ್ಯಾಸ್ಟ್ರಿಕ್ ಎಂದೇ ಹೇಳುತ್ತಾರೆ. ಔಷಧದ ಅಂಗಡಿಯ ಮಾತ್ರೆಯಲ್ಲೇ ವರ್ಷ ಕಳೆಯುತ್ತಾರೆ.

ಕೆಲಸವೇ ಕಾರಣವಾಗುವ ಬಗೆ

‘ಅವರದು ಮೊದಲಿಂದಲೂ ಸೂಕ್ಷ್ಮ ಸ್ವಭಾವ’ ಎಂದು ಎಲ್ಲವನ್ನೂ ವ್ಯಕ್ತಿಯ ತಲೆಗೆ ಕಟ್ಟುವುದು ಸುಲಭ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಹೃದ್ರೋಗದ ಸಾವು ದೊಡ್ಡ ಹುದ್ದೆಯವರಿಗಿಂತ ಕೆಳದರ್ಜೆಯ ನೌಕರರಲ್ಲೇ ಹೆಚ್ಚಿತ್ತು. 1985ರಲ್ಲಿ ಮೈಕಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಆರಂಭವಾದ ಎರಡನೇ ಹಂತ, ತಮ್ಮ ಕೆಲಸದ ಮೇಲೆ ತಮಗೇ ಹತೋಟಿ ಇಲ್ಲದವರಿಗೆ ಹೃದ್ರೋಗದ ಅಪಾಯ ಜಾಸ್ತಿ ಎಂದು ತೋರಿಸಿತು. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಇದರ ಸೂತ್ರ ಹೇಳಿದ್ದರು: ಕೆಲಸದ ಬೇಡಿಕೆ ವಿಪರೀತ, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಮಾತ್ರ ಕಡಿಮೆ. ಇವೆರಡೂ ಕೂಡಿದಲ್ಲಿ ಮನುಷ್ಯ ಹೆಚ್ಚು ಬಳಲುತ್ತಾನೆ.

ಗಾರ್ಮೆಂಟ್ಸ್ ಕಾರ್ಖಾನೆಯ ಒಂದು ಲೈನನ್ನು ಕಣ್ಣಮುಂದೆ ತಂದುಕೊಳ್ಳಿ. ಒಬ್ಬಾಕೆ ದಿನವಿಡೀ ಕಾಲರ್ ಮಾತ್ರ ಕೂಡಿಸುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮುಂದಿರುತ್ತದೆ. ಹಿಂದಿನ ಮೆಷಿನ್ ಕೆಟ್ಟು ಬಟ್ಟೆ ಬರುವುದು ತಡವಾದರೂ ಬೈಗುಳ ಬೀಳುವುದು ಈಕೆಗೇ. ಶೌಚಾಲಯಕ್ಕೆ ಎದ್ದರೆ ಪೀಸ್ ಕಡಿಮೆಯಾಗುತ್ತದೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇಲ್ಲಿ ವಾರಕ್ಕೊಮ್ಮೆ ಧ್ಯಾನದ ತರಗತಿ ಇಟ್ಟರೆ ಏನು ಪ್ರಯೋಜನ? ಟಾರ್ಗೆಟ್ಟನ್ನು ನ್ಯಾಯವಾಗಿ ನಿಗದಿ ಮಾಡಿ, ಬೈಗುಳ ನಿಲ್ಲಿಸಿ, ಮೆಷಿನ್ ಕೆಟ್ಟ ಹೊತ್ತನ್ನು ಲೆಕ್ಕದಿಂದ ಬಿಟ್ಟರೆ ಆಕೆಗೆ ಅದಕ್ಕಿಂತ ಹೆಚ್ಚು ಉಪಕಾರ. ಸಾಫ್ಟ್‌ವೇರ್ ಕಂಪನಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜು ಇದರದೇ ಇನ್ನೊಂದು ರೂಪ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಕೆಲಸದ ವ್ಯವಸ್ಥೆಯನ್ನು ತಿದ್ದುವುದಕ್ಕೂ ಮೇಲ್ವಿಚಾರಕರಿಗೆ ತರಬೇತಿ ಕೊಡುವುದಕ್ಕೂ ಒತ್ತು ಕೊಟ್ಟಿದೆ.

ಹಣೆಪಟ್ಟಿಯ ಭಯ

ಜನ ಮುಚ್ಚಿಡುವುದೇಕೆ? ‘ಮೆಂಟಲ್’, ‘ತಲೆ ಕೆಟ್ಟಿದೆ’, ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎಂಬ ಮಾತುಗಳು ನಮ್ಮ ಕ್ಯಾಂಟೀನುಗಳಲ್ಲಿ ತಮಾಷೆಯಾಗಿ ಓಡಾಡುತ್ತವೆ. ನಿಜಕ್ಕೂ ಮಾತ್ರೆ ತೆಗೆದುಕೊಳ್ಳುತ್ತಿರುವ ಸಹೋದ್ಯೋಗಿ ಅದೇ ಮೇಜಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ಬಡ್ತಿ ತಪ್ಪೀತು, ಜವಾಬ್ದಾರಿ ಕೈಬಿಟ್ಟೀತು, ಮದುವೆ ಮಾತುಕತೆಗೆ ಅಡ್ಡಿಯಾದೀತು ಎಂಬ ಅವರ ಲೆಕ್ಕಾಚಾರ ಭ್ರಮೆಯೇನಲ್ಲ, ಸುತ್ತಮುತ್ತ ಕಂಡು ಕಲಿತದ್ದು.

ಈ ಭಯವನ್ನು ಕರಗಿಸುವ ದಾರಿಯೂ ಗೊತ್ತಿದೆ. ಕಳಂಕ ನಿವಾರಣೆ ಕುರಿತ ಲ್ಯಾನ್ಸೆಟ್ ಆಯೋಗ 2022ರ ವರದಿಯಲ್ಲಿ ಹೇಳಿದ್ದು ಇದನ್ನೇ: ಕಾಯಿಲೆಯನ್ನು ಅನುಭವಿಸಿ ಬದುಕುತ್ತಿರುವವರ ಒಡನಾಟ, ಅವರ ಬಾಯಿಂದಲೇ ಕೇಳುವ ಮಾತು, ಎಲ್ಲಕ್ಕಿಂತ ಪರಿಣಾಮಕಾರಿ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮಗಿದ್ದ ಖಿನ್ನತೆಯ ಬಗ್ಗೆ ಎಲ್ಲರೆದುರು ಹೇಳಿಕೊಂಡರು. ಆಮೇಲೂ ಅವರಿಗೆ ಕೆಲಸ ಸಿಕ್ಕಿತು, ಗೌರವವೂ ಸಿಕ್ಕಿತು. ಅದನ್ನು ಕಂಡು ಎಷ್ಟೋ ಮನೆಗಳಲ್ಲಿ ಈ ಮಾತು ಎತ್ತುವುದು ಸಲೀಸಾಯಿತು. ಹಾಗೆಂದು ನಿಮ್ಮ ಸಿಬ್ಬಂದಿಯನ್ನು ವೇದಿಕೆ ಹತ್ತಿಸಿ ಹೇಳಿಸಬೇಡಿ. ಹೇಳುವುದು, ಬಿಡುವುದು ಅವರವರ ಇಷ್ಟ. ತಾವಾಗಿ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ.

ಮಾತು ಶುರುಮಾಡುವುದು ಹೇಗೆ

ನಿಮ್ಮ ಶಾಖೆಯ ಹಿರಿಯ ಕ್ಯಾಷಿಯರ್ ಒಬ್ಬರು ಎರಡು ಮೂರು ವಾರದಿಂದ ತಡವಾಗಿ ಬರುತ್ತಿದ್ದಾರೆ, ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದಾರೆ ಎಂದುಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಗೆ ಕರೆಯಿರಿ. ಫೋನ್ ಬದಿಗಿಡಿ. ರೋಗದ ಹೆಸರು ಎತ್ತದೆ, ನೀವು ಕಂಡದ್ದನ್ನಷ್ಟೇ ಹೇಳಿ.

‘ಬನ್ನಿ ಮೇಡಂ, ಕೂತ್ಕೊಳ್ಳಿ. ತಪ್ಪು ಹುಡುಕೋಕೆ ಕರೆದಿಲ್ಲ. ದಿನದ ಕ್ಯಾಷ್ ಒಂದೇ ಸಲಕ್ಕೆ ಟ್ಯಾಲಿ ಮಾಡ್ತಿದ್ದವರು, ಈಚೆಗೆ ಮೂರು ಮೂರು ಸಲ ಎಣಿಸ್ತಿದ್ದೀರಿ. ಊಟಕ್ಕೂ ಎಲ್ಲರ ಜೊತೆ ಬರ್ತಿಲ್ಲ. ಹೇಗಿದ್ದೀರಿ?’

‘ಏನಿಲ್ಲ ಸರ್, ಸ್ವಲ್ಪ ಸುಸ್ತು, ಅಷ್ಟೇ.’

ಇಲ್ಲಿ ಬಹಳ ಜನ ‘ಹಾಗಾದ್ರೆ ಸರಿ’ ಎಂದು ಎದ್ದುಬಿಡುತ್ತಾರೆ. ಏಳಬೇಡಿ. ಒಂದಿಷ್ಟು ಹೊತ್ತು ಸುಮ್ಮನಿದ್ದು, ‘ನಿದ್ದೆ ಬರ್ತಿದೆಯಾ?’ ಎಂದು ಕೇಳಿ. ನಿದ್ದೆಯ ಬಗ್ಗೆ ಉತ್ತರಿಸಲು ಯಾರಿಗೂ ನಾಚಿಕೆಯಿಲ್ಲ.

‘ಮೂರು ಗಂಟೆಗೆ ಎಚ್ಚರ ಆಗ್ಬಿಡುತ್ತೆ ಸರ್. ಆಮೇಲೆ ಬೆಳಗಾಗೋ ತನಕ ಏನೇನೋ ಯೋಚನೆ.’

‘ಹೇಳಿದ್ದು ಒಳ್ಳೇದಾಯ್ತು. ನಿಮ್ಮನ್ನ ಕೇಳದೆ ಇದನ್ನ ಯಾರಿಗೂ ಹೇಳಲ್ಲ. ಸದ್ಯಕ್ಕೆ ನಿಮ್ಮ ಕೆಲಸದಲ್ಲಿ ಯಾವುದು ಕಡಿಮೆ ಮಾಡಿದ್ರೆ ಅನುಕೂಲ? ಡಾಕ್ಟರ್ ಹತ್ರ ಹೋಗೋಕೆ ಯಾವತ್ತು ಬಿಡುವು ಬೇಕು?’

ಇಷ್ಟು ಸಾಕು. ‘ನಿಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?’, ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’, ‘ಯೋಗ ಮಾಡಿ, ಎಲ್ಲ ಸರಿಹೋಗುತ್ತೆ’ ಎಂಬ ಮಾತುಗಳು ಎಷ್ಟೇ ಪ್ರೀತಿಯಿಂದ ಬಂದರೂ ಎದುರಿನವರ ಬಾಯಿ ಮುಚ್ಚಿಸುತ್ತವೆ. ಸಕ್ಕರೆ ಕಾಯಿಲೆ ಬಂದವರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಸಕ್ಕರೆ ಇಳಿಸಿ ಎಂದು ನಾವು ಹೇಳುವುದಿಲ್ಲವಲ್ಲ.

ಬದುಕೇ ಸಾಕೆನ್ನುವ ಮಾತು ಬಂದರೆ, ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ್ದರಿಂದಲೇ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಮನೆಯವರನ್ನೂ ವೈದ್ಯರನ್ನೂ ಸಂಪರ್ಕಿಸಿ. ಗುಟ್ಟು ಕಾಯುವ ಮಾತಿಗೆ ಇದೊಂದೇ ವಿನಾಯಿತಿ. ಉಳಿದಂತೆ ಅವರ ಕಾಯಿಲೆಯ ಸಂಗತಿ ನಿಮ್ಮಿಂದ ಪಕ್ಕದ ಮೇಜಿಗೂ ಹೋಗಬಾರದು.

ಚಿಕಿತ್ಸೆ ಶುರುವಾದ ಮೇಲೆ

ಖಿನ್ನತೆಯ ಮಾತ್ರೆಗಳು ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗುಣವಾದ ಮೇಲೂ ಕಡೇಪಕ್ಷ ಆರು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಮೊದಲ ವಾರಗಳಲ್ಲಿ ಕೆಲವರಿಗೆ ಬೆಳಗಿನ ಹೊತ್ತು ಮಂಪರು, ಬಾಯಿ ಒಣಗುವುದು ಇರುತ್ತದೆ. ಆಗ ನೀವು ಮಾಡಬಹುದಾದ್ದು ಬಹಳವಿದೆ: ಅರ್ಧ ಗಂಟೆ ತಡವಾಗಿ ಬರಲು ಬಿಡುವುದು, ರಾತ್ರಿ ಪಾಳಿ ತಪ್ಪಿಸುವುದು, ದೊಡ್ಡ ಕೆಲಸವನ್ನು ಸಣ್ಣ ಭಾಗಗಳಾಗಿ ಕೊಡುವುದು, ವಾರಕ್ಕೊಮ್ಮೆ ಐದು ನಿಮಿಷ ವಿಚಾರಿಸುವುದು. ದೀರ್ಘ ರಜೆಯಿಂದ ಮರಳಿದವರಿಗೆ ಮೊದಲ ದಿನವೇ ಬಾಕಿಯೆಲ್ಲ ಹೊರಿಸಬೇಡಿ. ಕೇಳದೆಯೇ ಅವರ ಜವಾಬ್ದಾರಿ ಕಿತ್ತುಕೊಳ್ಳುವುದೂ ಬೇಡ, ಅದೂ ಒಂದು ಶಿಕ್ಷೆಯೇ.

ಕಾನೂನಿನ ಬೆಂಬಲ

ಇದು ದಯೆಯ ಪ್ರಶ್ನೆ ಮಾತ್ರವಲ್ಲ, ಹಕ್ಕಿನ ಪ್ರಶ್ನೆ ಕೂಡ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸೆ ಪಡೆಯುವುದನ್ನೂ ಕಾಯಿಲೆಯ ವಿವರ ಗೋಪ್ಯವಾಗಿರುವುದನ್ನೂ ಹಕ್ಕೆಂದು ಸಾರುತ್ತದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಕೊಡಬೇಕೆಂದು ಅದರ 21ನೇ ಸೆಕ್ಷನ್ ವಿಧಿಸುತ್ತದೆ. ನಿಮ್ಮ ಸಂಸ್ಥೆಯ ಗುಂಪು ವಿಮೆಯಲ್ಲಿ ಇದು ಇದೆಯೇ ಎಂದು ನೋಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಖಾಸಗಿಯವೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕೆನ್ನುವುದು ಇದೇ ಕಾಯ್ದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ನೌಕರನ ವರ್ತನೆಗೆ ಮಾನಸಿಕ ಅಂಗವೈಕಲ್ಯ ಒಂದು ಕಾರಣವಾಗಿದ್ದರೂ ಆತನಿಗೆ ಕಾಯ್ದೆಯ ರಕ್ಷಣೆ ಸಿಗಬೇಕು ಎಂದು ಹೇಳಿತು.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಇಎಸ್‌ಐ ಕಾರ್ಮಿಕರಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ವೇತನ ಸಿಗುತ್ತದೆ. ಸೈಕೋಸಿಸ್ ಥರದ ತೀವ್ರ ಕಾಯಿಲೆ ಆಗಿದ್ದರೆ, ನಿಯಮಕ್ಕೆ ಒಳಪಟ್ಟು, ಶೇ 80ರಂತೆ ಎರಡು ವರ್ಷದವರೆಗೂ ಸಿಗುವ ಅವಕಾಶವಿದೆ. ಇದು ಗೊತ್ತಿಲ್ಲದೆ ರಾಜೀನಾಮೆ ಕೊಟ್ಟು ಹೋಗುವವರನ್ನು ತಡೆದು ತಿಳಿಸುವವರು ನೀವೇ ಆಗಬೇಕು.

ಎಲ್ಲಿಗೆ ಹೋಗಿ ಎನ್ನಬೇಕು

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಬೇರೆ ಊರುಗಳವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು; ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ತಪಾಸಣೆಯ ಬಗ್ಗೆಯೂ ವಿಚಾರಿಸಬಹುದು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಈ ವಾರ ಮೂರು ಕೆಲಸ ಮಾಡಿ. 14416 ಎಂದು ದೊಡ್ಡದಾಗಿ ಬರೆದು ಸೂಚನಾ ಫಲಕದಲ್ಲಿ ಹಾಕಿ. ಮಾನಸಿಕ ಕಾಯಿಲೆಗೂ ವೈದ್ಯಕೀಯ ರಜೆ ಉಂಟು ಎಂದು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ. ‘ಮೆಂಟಲ್’ ಎಂಬ ತಮಾಷೆ ನಿಮ್ಮೆದುರು ಬಂದಾಗ ನಗದೆ, ಅಲ್ಲೇ ತಡೆಯಿರಿ. ಮೂರಕ್ಕೂ ಬಜೆಟ್ ಬೇಡ, ಯಾರ ಮಂಜೂರಾತಿಯೂ ಬೇಡ. ಆಮೇಲೆ ನಿಮ್ಮನ್ನು ನಂಬಿ ಮೊದಲು ಬರುವವರ ಕೆಲಸ, ಮಾನ, ಗುಟ್ಟು ಮೂರನ್ನೂ ಕಾಪಾಡಿ.