ಅಗ್ಗದ ಕಾರ್ಬನ್ ಚಕ್ರ: ಮೊದಲು ಟೇಪ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನ ರೋಡ್ ಬೈಕಿಗೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಾರ್ಬನ್ ವೀಲ್‌ಸೆಟ್ ಹುಡುಕುತ್ತಿದ್ದೇನೆ. ಎಲ್ಲದರ ಮೇಲೂ ‘ಟಿ700’, ‘ಟಿ800’ ಎಂದು ಬರೆದಿರುತ್ತದೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಆ ಅಂಕಿಗಳನ್ನು ಸದ್ಯಕ್ಕೆ ಮರೆತುಬಿಡಿ. ಅವು ಜಪಾನಿನ ಟೋರೆ ಕಂಪನಿಯ ನೂಲುಗಳ ದರ್ಜೆ ಮಾತ್ರ. ಆ ನೂಲನ್ನು ಯಾವ ದಿಕ್ಕಿನಲ್ಲಿ ಎಷ್ಟು ಪದರ ಹಾಸಿದ್ದಾರೆ, ಅಚ್ಚಿನಲ್ಲಿ ಎಷ್ಟು ಒತ್ತಿದ್ದಾರೆ, ಯಾವ ರಾಳ ಬಳಸಿದ್ದಾರೆ ಎಂಬುದರ ಮೇಲೆ ರಿಮ್ಮಿನ ಗಟ್ಟಿತನ ನಿಂತಿದೆ. ಸ್ಟಿಕ್ಕರ್ ಇದ್ಯಾವುದನ್ನೂ ಹೇಳುವುದಿಲ್ಲ. ಚೀನಾದ ಮಾಲು ಎಂಬ ಕಾರಣಕ್ಕೇ ಹಿಂಜರಿಯಬೇಕಿಲ್ಲ. ಷಿಯಾಮೆನ್ ನಗರದ ಕಾರ್ಖಾನೆಗಳಲ್ಲಿ ಬಹಳ ಒಳ್ಳೆಯ ರಿಮ್ಮುಗಳೂ ತಯಾರಾಗುತ್ತವೆ.

ನಿಮ್ಮ ಬೈಕಿಗೆ ರಿಮ್ ಬ್ರೇಕ್ ಇದೆಯೋ ಡಿಸ್ಕ್ ಬ್ರೇಕೋ ನೀವು ಬರೆದಿಲ್ಲ. ರಿಮ್ ಬ್ರೇಕ್ ಆದರೆ ಈ ಬೆಲೆಯ ಕಾರ್ಬನ್ ಬೇಡವೇ ಬೇಡ ಎನ್ನುತ್ತೇನೆ. ನಂದಿಬೆಟ್ಟದಿಂದ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಹಿಡಿಯುತ್ತೀರಿ, ಪ್ಯಾಡ್ ಉಜ್ಜಿ ರಿಮ್ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ನಿನಲ್ಲಿ ಬಿಸಿ ಉಜ್ಜಿದ ಜಾಗದಲ್ಲೇ ನಿಲ್ಲುತ್ತದೆ. ಸಾಧಾರಣ ಎಪಾಕ್ಸಿ ರಾಳ 120–130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಆಗ ಟೈರಿನೊಳಗಿನ ಗಾಳಿಯ ಒತ್ತಡಕ್ಕೆ ರಿಮ್ಮಿನ ಅಂಚು ಹೊರಕ್ಕೆ ಬಾಗಿ, ಟ್ಯೂಬ್ ಒಡೆಯಬಹುದು. 200 ಡಿಗ್ರಿ ದಾಟಿಯೂ ತಡೆಯುವ ರಾಳಗಳಿವೆ, ಆದರೆ ಅವು ದುಬಾರಿ. ಅಗ್ಗದ ರಿಮ್ಮಿನಲ್ಲಿ ಯಾವುದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಡಿಸ್ಕ್ ಬ್ರೇಕ್ ಆದರೆ ಈ ಭಯವಿಲ್ಲ. ಚಕ್ರ ಕೈಗೆ ಬಂದ ದಿನವೇ ರಿಮ್ ಟೇಪ್ ಬಿಚ್ಚಿ. ಹೊರಮೈಗೆ ಎಲ್ಲರೂ ಹೊಳಪು ಕೊಡುತ್ತಾರೆ. ಕೆಲಸಗಾರನ ಕೈ ಕಾಣುವುದು ಟೈರ್ ಕೂರುವ ಒಳಬದಿಯಲ್ಲಿ. ಪದರ ಸುಕ್ಕಾಗಿದೆಯೇ, ಸ್ಪೋಕ್ ತೂತುಗಳ ಸುತ್ತ ನೂಲು ಎದ್ದಿದೆಯೇ, ಪಿನ್ನು ಚುಚ್ಚಿದಂಥ ಗಾಳಿಗುಳ್ಳೆಗಳಿವೆಯೇ, ಪುಟ್ಟಿ ಬಳಿದು ಮುಚ್ಚಿದ ಕಲೆಯಿದೆಯೇ ನೋಡಿ. ಆಮೇಲೆ ನಾಣ್ಯದಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತ ಹೋಗಿ. ವಾಲ್ವ್ ಬಳಿ ಸದ್ದು ಸ್ವಲ್ಪ ಬೇರೆಯಾಗುವುದು ಸಹಜ. ಮತ್ತೆಲ್ಲೋ ಒಂದು ಕಡೆ ಮಾತ್ರ ಮಂಕಾಗಿ ಕೇಳಿದರೆ ಪದರ ಬಿಟ್ಟಿರಬಹುದು. ಸವಾರಿ ಮಾಡದೆ ಹಿಂದಿರುಗಿಸಿ.

ಇನ್ನು ಟೈರ್. ಅದು ಕೂರುವ ಜಾಗದ ವ್ಯಾಸ ಸುಮಾರು 622 ಮಿ.ಮೀ. ಇರಬೇಕು, ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯೂ ಇಲ್ಲಿ ದೊಡ್ಡದೇ. ಟೈರ್ ಬೆರಳಿನಿಂದಲೇ ಸಲೀಸಾಗಿ ಜಾರಿ ಕೂತರೆ ಖುಷಿಪಡಬೇಡಿ, ಅನುಮಾನಪಡಿ. ಹುಕ್‌ಲೆಸ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ ಇಲ್ಲದ) ರಿಮ್ಮಿಗೆ ತಯಾರಕರು ಒಪ್ಪಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು, ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಬಾರದು. 2024ರ ಯುಎಇ ಟೂರ್‌ನಲ್ಲಿ ಬೆಲ್ಜಿಯಂನ ಸೈಕಲ್ ರೇಸರ್ ಥಾಮಸ್ ಡೆ ಗೆಂಟ್ ಬಿದ್ದಾಗ ಅವರ ಟೈರ್ ಹುಕ್‌ಲೆಸ್ ರಿಮ್ಮಿನಿಂದ ಕಳಚಿತ್ತು. 25 ಮಿ.ಮೀ. ಒಳಅಗಲದ ರಿಮ್ಮಿಗೆ 28ರ ಟೈರ್ ಸರಿಯೇ ಎಂಬ ಚರ್ಚೆ ಎದ್ದದ್ದು ಆಗ. ಅವು ಅಗ್ಗದ ಚಕ್ರಗಳಲ್ಲ. ಹೆಸರಾಂತ ಕಂಪನಿಗಳಿಗೇ ಇಷ್ಟು ಸೂಕ್ಷ್ಮವಾದ ವಿಷಯದಲ್ಲಿ ಹೆಸರಿಲ್ಲದ ರಿಮ್ಮನ್ನು ನಂಬುವುದು ನನಗೆ ಒಪ್ಪಿಗೆಯಿಲ್ಲ. ಹುಕ್ ಇರುವುದನ್ನೇ ಕೊಳ್ಳಿ.

ಸ್ಪೋಕುಗಳನ್ನು ಒಂದೊಂದಾಗಿ ಮೀಟಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಬೆಂಡ್ ಇಲ್ಲದೆ ನೇರವಾಗಿ ತಿರುಗುವ ಚಕ್ರದಲ್ಲೂ ಬಿಗಿತ ಏರುಪೇರಾಗಿರಬಹುದು. ಅಂಥದ್ದರಲ್ಲಿ ಸ್ಪೋಕ್ ಬೇಗ ಮುರಿಯಬಹುದು. ಪೂರ್ತಿ ಬಿಚ್ಚಿ ಮತ್ತೆ ಬಿಗಿಮಾಡಬಲ್ಲ ಮೆಕ್ಯಾನಿಕ್‌ಗೆ ಸ್ವಲ್ಪ ಹಣ ತೆಗೆದಿಡಿ, ಖಂಡಿತ ವ್ಯರ್ಥವಲ್ಲ. ಹಬ್ಬಿನ ಬೇರಿಂಗ್, ಸ್ಪೋಕುಗಳು ಇಲ್ಲಿನ ಅಂಗಡಿಯಲ್ಲಿ ಸಿಗುವಂಥವೇ ಎಂದೂ ಮೊದಲೇ ವಿಚಾರಿಸಿ.

ಹಣ ಕೊಡುವ ಮುನ್ನ ಮಾರುವವರಿಗೆ ಬರೆದು ಕೇಳಿ: ಸವಾರನ ತೂಕದ ಮಿತಿ ಎಷ್ಟು, ಯಾವ ಅಗಲದ ಟೈರ್ ಹಾಕಬಹುದು, ಗುಂಡಿಗೆ ಬಿದ್ದು ರಿಮ್ ಬಿರಿದರೆ ಏನು ಕೊಡುತ್ತೀರಿ? ಈ ಮೂರಕ್ಕೆ ಅಂಕಿಸಮೇತ ಉತ್ತರ ಬಾರದಿದ್ದರೆ ಅದೇ ಹಣಕ್ಕೆ ಒಳ್ಳೆಯ ಅಲ್ಯೂಮಿನಿಯಂ ಚಕ್ರ ಬರುತ್ತದೆ, ಅದನ್ನೇ ತೆಗೆದುಕೊಳ್ಳಿ.