ಚೌಡಕಿ, ತುಂತುಣಿ, ಬ್ಯಾಂಜೋ: ‘ಶಬ್ದ’ ಪಾಠದ ಒಂದು ಅನುಭವ

ನಾಗನೂರಿನ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿಗೆ ‘ಶಬ್ದ’ ಘಟಕ ಬೋಧಿಸಿದೆ. ತಂತಿಯ ಸ್ಥಾಯಿ ಹೇಗೆ ಏರುತ್ತದೆ ಎಂಬುದು ಅಂದಿನ ಕಲಿಕಾಂಶ. ಅಮೆರಿಕದ ಬ್ಯಾಂಜೋ ಚಿತ್ರ ತೋರಿಸಿದೊಡನೆ ಮಕ್ಕಳು, “ಇದಲ್ರಿ ಸರ, ಬ್ಯಾಂಜೋಕ್ಕ ಗುಂಡಿ ಇರ್ತಾವು” ಎಂದರು. ಮೆರವಣಿಗೆಯಲ್ಲಿ ಕಂಡ ವಾದ್ಯ ಅವರ ಮನಸ್ಸಿನಲ್ಲಿತ್ತು. “ಅದು ಬ್ಯಾಂಜೋ ಅಲ್ಲ” ಎಂದು ಬಾಯಿ ಮುಚ್ಚಿಸಿದೆ. ಅದು 1912ರಲ್ಲಿ ಜಪಾನಿನಲ್ಲಿ ಹುಟ್ಟಿದ ತೈಶೋಗೊಟೊ ವಂಶದ ವಾದ್ಯ. ಗುಂಡಿ ಒತ್ತಿದರೆ ತಂತಿಯ ಕಂಪಿಸುವ ಉದ್ದ ಕಡಿಮೆಯಾಗಿ ಸ್ಥಾಯಿ ಏರುತ್ತದೆ. ನನಗೆ ಬೇಕಾದ ಉದಾಹರಣೆಯನ್ನೇ ತಳ್ಳಿಹಾಕಿದ್ದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಮನೆಯಲ್ಲಿ ತಂತಿವಾದ್ಯ ಯಾರಿಗಿದೆ ಎಂದು ಕೇಳಿದಾಗ ಹಿಂದಿನ ಸಾಲಿನ ಹುಡುಗಿ, “ನಮ್ಮ ಆಯಿ ಚೌಡಕಿ ಬಾರಸ್ತಾಳ್ರಿ” ಎಂದಳು. ಇಬ್ಬರು ನಕ್ಕರು. ಚೌಡಕಿ ಎಲ್ಲಮ್ಮನ ಜೋಗತಿಯರ ವಾದ್ಯ. ಆ ನಗೆಯ ಅರ್ಥ ಈ ಭಾಗದಲ್ಲೇ ಬೆಳೆದ ನನಗೆ ಗೊತ್ತಿತ್ತು. ಆದರೂ ಮುಂದಿನ ಪ್ರಶ್ನೆಗೆ ಹೋದೆ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: “ಆ ಹುಡುಗಿಯ ಉತ್ತರ ಏನಾಯಿತು?”

ಹುಡುಗಿಯಲ್ಲಿ ಕ್ಷಮೆ ಕೇಳಿ, ಮನೆಯವರು ಒಪ್ಪಿದರೆ ಮಾತ್ರ ವಾದ್ಯ ತರಲು ಹೇಳಿದೆ. ಎರಡು ದಿನ ಬಿಟ್ಟು ಆಯಿಯೇ ಬಂದರು. ಮುಖ್ಯೋಪಾಧ್ಯಾಯರು ತಮ್ಮ ಕುರ್ಚಿ ಕಳಿಸಿದರು.

ಕೊಳವೆಯಂಥ ಡಬ್ಬಿ, ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ. ಡಬ್ಬಿಯನ್ನು ಕಂಕುಳಲ್ಲಿ ಅವುಚಿ, ತಂತಿಯ ತುದಿಯನ್ನು ಎಡಮುಷ್ಟಿಯಲ್ಲಿ ಹಿಡಿದು, ಬಲಗೈಯ ಚಕ್ಕೆಯಿಂದ ಮೀಟಿದರು. “ಜಗ್ಗಿದರ ಏರತೈತಿ, ಬಿಟ್ಟರ ಇಳೀತೈತಿ, ಇಷ್ಟ ಮತ್ತ.” ಬಿಗಿತಕ್ಕೂ ಸ್ಥಾಯಿಗೂ ಇರುವ ಸಂಬಂಧವನ್ನು ನಾನು ಅರ್ಧ ಫಲಕ ಬರೆದು ಹೇಳಿದ್ದೆ. ಜೋರಾಗಿ ಮೀಟಿಸಿಯೂ ನೋಡಿದೆವು: ಸದ್ದು ಹೆಚ್ಚಿತು, ಸ್ಥಾಯಿ ಅಲ್ಲೇ ಇತ್ತು.

ಗೀಗೀ ಮೇಳದ ತುಂತುಣಿಯೂ ಹೀಗೆಯೇ ಅಲ್ಲವೇ ಎಂದು ಒಬ್ಬ ಕೇಳಿದ. ಡಬ್ಬಿ, ಚರ್ಮ, ತಂತಿ ಎಲ್ಲ ಹಾಗೆಯೇ. ಆದರೆ ತಂತಿಯ ತುದಿ ಕೋಲಿನ ಬಿರಟೆಗೆ ಕಟ್ಟಿರುತ್ತದೆ. ಆದ್ದರಿಂದ ಅದು ಒಂದೇ ಶ್ರುತಿಯಲ್ಲಿ ಲಯ ಹಿಡಿಯುತ್ತದೆ.

ಈಗ ಅಮೆರಿಕದ ಚಿತ್ರಕ್ಕೆ ಮರಳಲು ದಾರಿಯಾಯಿತು. ಅಲ್ಲಿನ ಹಳೆಯ ‘ಕ್ಲಾಹ್ಯಾಮರ್’ ಪದ್ಧತಿಯಲ್ಲಿ ಬೆರಳು ತಂತಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ಉಗುರಿನ ಬೆನ್ನು ಮೇಲಿನಿಂದ ಕೆಳಕ್ಕೆ ಹೊಡೆಯುತ್ತದೆ, ಹೆಬ್ಬೆರಳು ಗಿಡ್ಡದಾದ ಐದನೆಯ ತಂತಿಯನ್ನು ಮೀಟುತ್ತದೆ. ಸೆನೆಗಲ್‌, ಗ್ಯಾಂಬಿಯಾದ ಜೋಲಾ ಜನರ ಮೂರು ತಂತಿಯ ಅಕೊಂಟಿಂಗ್‌ನಲ್ಲೂ ಇದೇ ಕೈ. ಬ್ಯಾಂಜೋ ಅಮೆರಿಕಕ್ಕೆ ಬಂದದ್ದು ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ಮೂಲಕ. ಉತ್ತರ ಕ್ಯಾರೊಲೈನಾದ ರೌಂಡ್ ಪೀಕ್ ಭಾಗದಲ್ಲಿ ಮೆಟ್ಟಿಲಿಲ್ಲದ ಬ್ಯಾಂಜೋ ಮೇಲೆ ಎಡಗೈ ಜಾರಿಸಿ, ಪಿಟೀಲಿನ ಬೆನ್ನಿಗೇ ನುಡಿಸುತ್ತಾರೆ. ಟಾಮಿ ಜ್ಯಾರೆಲ್ ಅಲ್ಲಿನ ಹೆಸರಾಂತ ವಾದಕ.

“ಅವರನ್ನೂ ನಗತಿದ್ರೇನ್ರಿ?” ಎಂದು ಆ ಹುಡುಗಿ ಕೇಳಿದಳು. ಹೌದು ಎಂದೆ. ಮುಖಕ್ಕೆ ಮಸಿ ಬಳಿದ ಬಿಳಿಯರು ಬ್ಯಾಂಜೋ ಹಿಡಿದು ಕರಿಯರನ್ನು ಅಣಕಿಸುತ್ತಿದ್ದ 19ನೇ ಶತಮಾನದ ಆಟಗಳ ಬಗ್ಗೆ ಹೇಳಿದೆ. ಪಾಠ ಯೋಜನೆಯಲ್ಲಿ ಇದು ಇರಲಿಲ್ಲ.

ಘಟಕ ಪರೀಕ್ಷೆಯಲ್ಲಿ ನಾಲ್ವರು ಇನ್ನೂ ‘ಜೋರಾಗಿ ಮೀಟಿದರೆ ಸ್ಥಾಯಿ ಏರುತ್ತದೆ’ ಎಂದು ಬರೆದಿದ್ದಾರೆ. ಮುಂದಿನ ಸಲ ವ್ಯಾಖ್ಯೆಗಿಂತ ಮೊದಲೇ ಚೌಡಕಿಯನ್ನು ಅವರ ಕೈಗೆ ಕೊಡಬೇಕು.